ಸ್ಕ್ರೂ ತಲೆಯ ಮೇಲಿನ ಕುಂಕುಮ

ನನ್ನ ತಂಗಿ ಶಾಲೆಯ ಬಸ್ಸು ಓಡಿಸುತ್ತಾಳೆ. ನಾನು ಬಸ್ಸಿನ ಸೀಟು ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಇಬ್ಬರ ಮನೆಯೂ ಕೆನಡಾದ ವಾನ್‌ನಲ್ಲೇ, ನಡುವೆ ಎರಡು ಬೀದಿ. ಶಿಫ್ಟು ಮುಗಿಸಿ ನಾನು ಮನೆಗೆ ಬರುವಷ್ಟರಲ್ಲಿ ಅವಳು ಅವ್ವನ ಹತ್ತಿರ ಚಹಾ ಕುಡಿಯುತ್ತ ಕೂತಿರುತ್ತಾಳೆ. ನನ್ನನ್ನು ಕಂಡ ಕೂಡಲೇ ಚುಚ್ಚುವುದು ರೂಢಿ.

“ಅಕ್ಕಾ, ನಿಮ್ಮ ಕಂಪನಿ ಸೀಟಿನ ಮ್ಯಾಲ ಇವತ್ತ ಮೂರು ಕಡೆ ಚೂಯಿಂಗ್ ಗಮ್ ಹಚ್ಯಾರ ನೋಡವಾ. ನೀ ಹೊಲಿದಿದ್ದು ಇರಬೇಕಂತ ನಾನೇ ಕೆರದು ತಗದೆ.”

“ಪುಣ್ಯಾ ಕಟಗೊಂಡಿ ಬಿಡು,” ಅನ್ನುತ್ತಿದ್ದೆ ನಾನು.

ಈ ತಮಾಷೆ ಸುಮಾರು ಒಂದು ವರ್ಷ ನಮ್ಮ ಮನೆಯಲ್ಲಿ ನಿಂತುಹೋಗಿತ್ತು. ನಿಲ್ಲಿಸಿದವಳು ನಾನು. ಅದನ್ನು ಬರೆದಿಡಬೇಕೆಂದು ಕೂತಿದ್ದೇನೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರವಣಿಗೆ ನನ್ನ ಕೆಲಸವಲ್ಲ. ಆದರೆ ಬಾಯಲ್ಲಿ ಹೇಳಲು ಹೋದರೆ ಮಾತು ಮೆಲ್ಲಗೆ ನನ್ನ ಕಡೆಗೇ ವಾಲುತ್ತದೆ. ಕಾಗದದ ಮೇಲಾದರೆ ಸೊಟ್ಟ ಹೊಲಿಗೆ ಕಣ್ಣಿಗೆ ಕಾಣುತ್ತದೆ, ಬಿಚ್ಚಿ ಮತ್ತೆ ಹಾಕಬಹುದು.

ಹುಬ್ಬಳ್ಳಿಯಲ್ಲಿ ನಮ್ಮಪ್ಪನದು ಬೈಕು, ಸ್ಕೂಟರುಗಳಿಗೆ ಸೀಟ್ ಕವರ್ ಹಾಕುವ ಅಂಗಡಿ. ನಾನು ಮಷೀನಿಗೆ ಕೂತೆ, ತಂಗಿ ಪಿಯುಸಿ ತನಕ ಓದಿದಳು. “ಅಕಿಗೆ ಓದು, ನಿನಗ ಕೈ,” ಎಂದು ಅಪ್ಪ ನನ್ನನ್ನು ಸಮಾಧಾನ ಮಾಡುತ್ತಿದ್ದ. ಅದನ್ನೇ ನಾನು ಹಿಡಿದುಕೊಂಡು ಬೆಳೆದೆ. ಕೆನಡಾಕ್ಕೆ ಬಂದ ಮೇಲೆ ಬ್ಯಾಂಕಿನ ಕಾಗದ, ಆಸ್ಪತ್ರೆಯ ಫಾರ್ಮು, ಎಲ್ಲವೂ ತಂಗಿಯ ಪಾಲು. ಬಿಟ್ಟುಹೋದ ಹೊಲಿಗೆ, ಸಡಿಲಾದ ಕುರ್ಚಿ, ಸೋರುವ ನಳ ನನ್ನ ಪಾಲು. ಯಾರೂ ಹೇಳದಿದ್ದರೂ ಅದು ನಮ್ಮೊಳಗೆ ಆದ ಒಪ್ಪಂದ.

ತಂಗಿಗೆ ಎರಡೂ ಕಾಲು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹಲಗೆಯ, ಸ್ನೋಬೋರ್ಡಿನ, ಹುಚ್ಚು ಹಿಡಿದದ್ದು ಬಸ್ಸಿನಿಂದಲೇ. ಚಳಿಗಾಲದಲ್ಲಿ ಶಾಲೆಯ ಮಕ್ಕಳನ್ನು ಇಲ್ಲಿಂದ ಒಂದು ಗಂಟೆ ಉತ್ತರಕ್ಕಿರುವ ಗುಡ್ಡಕ್ಕೆ ಜಾರಲು ಕರೆದುಕೊಂಡು ಹೋಗುತ್ತಾರೆ. ಡ್ರೈವರುಗಳು ದಿನವಿಡೀ ಬಸ್ಸಿನಲ್ಲಿ ಕಾಯಬೇಕು. ಗುಡ್ಡದವರು ಡ್ರೈವರುಗಳಿಗೂ ಒಂದು ಟಿಕೆಟ್ಟು ಸುಮ್ಮನೆ ಕೊಡುತ್ತಾರಂತೆ. ಬೇರೆ ಡ್ರೈವರುಗಳು ಅದನ್ನು ಜೇಬಿಗೆ ಹಾಕಿಕೊಂಡು ನಿದ್ದೆ ಮಾಡಿದರೆ ನನ್ನ ತಂಗಿ ಅದನ್ನು ಹಿಡಿದುಕೊಂಡು ಹೋಗಿ ಹಲಗೆ ಹತ್ತಿದಳು. ಆಗ ಅವಳಿಗೆ ಮೂವತ್ತೇಳು.

“ಅಕ್ಕಾ, ಇವತ್ತ ಇಪ್ಪತ್ತು ಸಲ ಬಿದ್ದೆ,” ಎಂದು ಫೋನು ಮಾಡಿದಳು. ದನಿಯಲ್ಲಿ ಹಬ್ಬ.

ಮೂರನೆಯ ಚಳಿಗಾಲಕ್ಕೆ ಅವಳಿಗೆ ಬರೀ ಜಾರುವುದು ಸಾಲದಾಯಿತು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಿ, ಗುಡ್ಡದ ಕೆಳಗೆ ನಿಲ್ಲಿಸಿ, ಮೇಲಿನಿಂದ ಇಳಿಯುತ್ತಿದ್ದ ಒಬ್ಬ ಮುದುಕನನ್ನು ತೋರಿಸಿದಳು. ನಾನು ಬಾಯಿಯ ಮೇಲೆ ಕೈ ಇಟ್ಟುಕೊಂಡೆ. ಆ ಮನುಷ್ಯ ಹಲಗೆಯನ್ನು ಪೂರ್ತಿ ಅಂಚಿನ ಮೇಲೆ ನಿಲ್ಲಿಸಿ, ತಾನು ನೆಲಕ್ಕೆ ಮಲಗಿದಂತೆ ವಾಲಿ, ಕೈಬೆರಳು ಹಿಮಕ್ಕೆ ತಾಗಿಸುತ್ತ ಬರುತ್ತಿದ್ದ. ಬಿದ್ದ ಎಂದುಕೊಂಡೆ. ಬೀಳಲಿಲ್ಲ, ಇನ್ನೊಂದು ಕಡೆಗೆ ಮಲಗಿದ. ಅವನ ಹಿಂದೆ ಹಿಮದಲ್ಲಿ ಒಂದೇ ಒಂದು ತೆಳು ಗೆರೆ, ಬ್ಲೇಡಿನಿಂದ ರೆಕ್ಸಿನ್ ಕೊಯ್ದ ಹಾಗೆ.

“ಬಾಕಿ ಮಂದಿ ಸ್ನೋ ಕೆರಕೋತ ಇಳೀತಾರ. ಇದು ಕೊಯ್ಯೂದು. ಕಾರ್ವಿಂಗ್ ಅಂತಾರ,” ಎಂದಳು ತಂಗಿ. “ನನಗ ಆ ಗೆರಿ ಬೇಕು.”

ಆ ಮುದುಕನ ಬೂಟು ಕಲ್ಲಿನಂಥ ಪ್ಲಾಸ್ಟಿಕ್ಕಿನದು. ತಂಗಿಗೆ ಅದು ಆಗುವಂತಿರಲಿಲ್ಲ. ನಡುನಡುವೆ ಬಸ್ಸು ಹತ್ತಿಳಿಯಬೇಕು, ಮಕ್ಕಳ ತಲೆ ಎಣಿಸಬೇಕು, ಅಳುವವರನ್ನು ಹುಡುಕಿಕೊಂಡು ಓಡಾಡಬೇಕು. ಮೆತ್ತನೆಯ ಬೂಟಿನಲ್ಲೇ ಆ ಗೆರೆ ಬರಬೇಕು. ಬೂಟು ಮೆತ್ತಗಿದ್ದರೆ ಕಾಲು ವಾಲಿದಷ್ಟು ಹಲಗೆ ವಾಲುವುದಿಲ್ಲ, ನಡುವೆ ಅರ್ಧ ಬಲ ಬೂಟೇ ತಿಂದುಹಾಕುತ್ತದೆ. ಇದು ನನಗೆ ಓದದೆಯೇ ಅರ್ಥವಾಯಿತು. ಸೀಟಿನಲ್ಲಿ ಹಳೆಯ ಸ್ಪಂಜು ಇದ್ದರೂ ಹಾಗೆಯೇ, ಕೂತವನ ಭಾರ ಎಲ್ಲಿ ಹೋಯಿತೋ ತಿಳಿಯುವುದಿಲ್ಲ.

ಆ ಬೇಸಿಗೆಯೆಲ್ಲ ನಮ್ಮ ಗ್ಯಾರೇಜು ಅಂಗಡಿಯಾಯಿತು. ಮೊದಲು ಬೂಟು. ಅವಳ ಹಳೆಯದು ಒಂದು ಅಳತೆ ದೊಡ್ಡದಿತ್ತು, ಕಾಲು ಒಳಗೆ ಈಜುತ್ತಿತ್ತು. ನಾಲ್ಕು ಅಂಗಡಿ ತಿರುಗಿ, ಇರುವುದರಲ್ಲೇ ಬಿರುಸಾದದ್ದನ್ನು, ನೆಟ್ಟಗೆ ನಿಂತರೆ ಹೆಬ್ಬೆರಳು ತುದಿಗೆ ತಾಗಿ ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯುವಷ್ಟು ಬಿಗಿಯಾದದ್ದನ್ನು ಆರಿಸಿದೆವು. ಅದರ ನಾಲಿಗೆಯ ಹೊಲಿಗೆ ಬಿಚ್ಚಿ, ಒಳಗೆ ಪ್ಲಾಸ್ಟಿಕ್ ಹಾಳೆ ಸೇರಿಸಿ, ದಬ್ಬಣದಿಂದ ಮೇಣದ ದಾರ ಹಾಕಿ ಮತ್ತೆ ಹೊಲಿದೆ. ಬೂಟಿನ ಕುತ್ತಿಗೆಗೆ ಸೀಟ್ ಬೆಲ್ಟಿನ ಪಟ್ಟಿಯಿಂದ ಒಂದು ಬಿಗಿ ಪಟ್ಟಿ ಮಾಡಿದೆ. ಕಾರ್ಖಾನೆಯಲ್ಲಿ ಕೇಳಿ ತಂದ ಚೂರು ಪಟ್ಟಿ ಅದು.

ಅವ್ವ ಬಾಗಿಲಲ್ಲಿ ನಿಂತು ನೋಡಿ, “ಬೂಟಿಗೂ ಸೀಟ್ ಕವರ್ ಹಾಕಾಕತ್ತೀರೇನ?” ಎಂದಳು.

“ಹೂಂ ಯವ್ವಾ, ನಿನ್ನ ಚಪ್ಪಲಿಗೂ ಹಾಕ್ತೇವಿ, ಇಲ್ಲೆ ಬಿಟ್ಟು ಹೋಗು,” ಎಂದಳು ತಂಗಿ.

ಆಮೇಲೆ ಹಲಗೆ. ಹೆಂಗಸರ ಹಲಗೆ ಎಂದು ಮಾರುವುದೆಲ್ಲ ಕಿರಿದು. ಅದನ್ನು ಮೇಜಿನ ಮೇಲೆ ಅಂಚಿಗೆ ನಿಲ್ಲಿಸಿ ಬೂಟು ಇಟ್ಟು ನೋಡಿದರೆ ಅಂಚಿಗಿಂತ ಮೊದಲು ಬೂಟಿನ ತುದಿಯೇ ಮೇಜಿಗೆ ತಾಗುತ್ತಿತ್ತು. ಗುಡ್ಡದ ಮೇಲೆ ಹಾಗೆ ತಾಗಿತೆಂದರೆ ಹಲಗೆ ಹಿಮ ಬಿಟ್ಟು ಹಾರುತ್ತದೆ. ಅದಕ್ಕೆ ನಡು ಅಗಲವಿರುವ ಹಲಗೆ ತಂದಳು. ಎರಡೂ ಪಾದ ಸ್ವಲ್ಪ ಮುಂದಕ್ಕೆ ತಿರುಗುವ ಹಾಗೆ ಕೂರಿಸಿದೆವು. ಆದರೂ ಒಂದು ಬೆರಳಿನಷ್ಟು ಬೂಟು ಹೊರಗೆ ಉಳಿಯಿತು. ಆಗ ನಾನೇ ಉಪಾಯ ತೆಗೆದೆ. ಬೂಟು ಹಿಡಿಯುವ ಬೈಂಡಿಂಗಿನ ಕೆಳಗೆ ಒಂದು ದಪ್ಪ ಪ್ಲೇಟು ಕೊಟ್ಟು ಕಾಲನ್ನೇ ಎತ್ತರಿಸಿದರೆ? ತರಕಾರಿ ಹೆಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಮಣೆ ಕೊಯ್ದು, ತೂತು ಹಾಕಿ, ಎರಡು ಪ್ಲೇಟು ಮಾಡಿದೆ. ಎತ್ತರ ಹೆಚ್ಚಾದ್ದರಿಂದ ಉದ್ದನೆಯ ಸ್ಕ್ರೂ ಬೇಕಾಯಿತು. ಒಂದೊಂದು ಕಾಲಿಗೆ ನಾಲ್ಕು, ಒಟ್ಟು ಎಂಟು. ಮೇಜಿಗೆ ಮತ್ತೆ ಹಿಡಿದು ನೋಡಿದಾಗ ಬೂಟು ಎಲ್ಲಿಯೂ ತಾಗಲಿಲ್ಲ.

ತಂಗಿ ನನ್ನ ಕೈಯನ್ನು ಹಿಡಿದುಕೊಂಡು ತಿರುಗಿಸಿ ನೋಡಿದಳು, ಏನೋ ಅಲ್ಲಿ ಬರೆದಿದೆ ಎನ್ನುವ ಹಾಗೆ. “ಅಂಗಡಿ ಮಂದಿಗೆ ಇದು ಹೊಳೀಲಿಲ್ಲ ನೋಡಕ್ಕಾ,” ಎಂದಳು. ಆ ಹೊತ್ತಿನ ನನ್ನ ಹಮ್ಮನ್ನು ನಾನು ಮರೆತಿಲ್ಲ.

ಈಗ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ನಾನು ಮೊದಲು ಅಲ್ಲಿ ಹೊಲಿಗೆಯಲ್ಲಿದ್ದೆ, ಆಮೇಲೆ ಸೀಟಿನ ಕಾಲಿಗೆ ಬೋಲ್ಟು ಬಿಗಿಯುವ ಲೈನಿಗೆ ಹಾಕಿದರು. ಅಲ್ಲಿ ಪ್ರತಿಯೊಂದು ಬೋಲ್ಟು ಬಿಗಿದ ಮೇಲೆ ಅದರ ತಲೆಯ ಮೇಲೆ ಕೆಂಪು ಬಣ್ಣದ ಪೆನ್ನಿನಿಂದ ಒಂದು ಗುರುತು ಹಾಕಬೇಕು. ಗುರುತಿದ್ದರೆ ಬಿಗಿದಿದೆ, ಇಲ್ಲದಿದ್ದರೆ ಇಲ್ಲ. ಲೈನ್ ನೋಡಿಕೊಳ್ಳುವ ಪಂಜಾಬಿ ಹೆಂಗಸು ದಿನಕ್ಕೆ ಹತ್ತು ಸಲ ಅನ್ನುತ್ತಾಳೆ: “ದೀದಿ, ನಿಶಾನ್ ನಹೀಂ ತೋ ಕಾಮ್ ನಹೀಂ.” ಆರು ವರ್ಷದಿಂದ ನನ್ನ ಕಣ್ಣು ಅದನ್ನೇ ನೋಡುತ್ತಿದೆ. ಕೆಂಪು ಕಂಡರೆ ಮುಂದಿನದಕ್ಕೆ ಹೋಗು.

ಆ ವರ್ಷ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ, ದಿನ ನನಗೆ ರಜೆ. ಬೆಳಿಗ್ಗೆಯಿಂದ ತಂಗಿ, ನಾನು ಗ್ಯಾರೇಜಿನಲ್ಲಿ. ಹಿಂದಿನ ಕಾಲಿನ ನಾಲ್ಕು ಸ್ಕ್ರೂ ಪೂರ್ತಿ ಬಿಗಿದೆ. ಮುಂದಿನದನ್ನೂ ಬಿಗಿಯುವಷ್ಟರಲ್ಲಿ ತಂಗಿ ಹಲಗೆಯ ಮೇಲೆ ನಿಂತು ನೋಡಿ, “ಎಡಗಾಲು ಇನ್ನೊಂದು ಹಲ್ಲು ಮುಂದ ತಿರುಗಲಿ,” ಎಂದಳು. ನಾಲ್ಕನ್ನೂ ಬಿಚ್ಚಿ, ಬೈಂಡಿಂಗಿನ ನಡುವಿನ ಹಲ್ಲಿನ ಬಿಲ್ಲೆಯ ಮೇಲೆ ಒಂದು ಹಲ್ಲು ತಿರುಗಿಸಿ, ಜಾಗ ತಪ್ಪದಿರಲೆಂದು ಬೆರಳಿನಿಂದಲೇ ಎರಡೆರಡು ಸುತ್ತು ಹಾಕಿದೆ. ಸ್ಕ್ರೂಡ್ರೈವರ್ ಎತ್ತಿಕೊಳ್ಳಲು ಕೈ ಚಾಚಿದೆ. ಅದು ಅಲ್ಲಿರಲಿಲ್ಲ.

ಅವ್ವ ಒಯ್ದಿದ್ದಳು. ಗ್ಯಾರೇಜಿನ ಇನ್ನೊಂದು ಮೂಲೆಯಲ್ಲಿ ಕೆಂಪು ಬಟ್ಟೆ ಹಾಸಿ, ನನ್ನ ಕತ್ತರಿ, ದಬ್ಬಣ, ಪಾನಾ, ಸ್ಕ್ರೂಡ್ರೈವರ್, ಕಾರಿನ ಕೀಲಿ, ತಂಗಿಯ ಬಸ್ಸಿನ ಕೀಲಿ ಎಲ್ಲವನ್ನೂ ಸಾಲಾಗಿ ಇಟ್ಟು ವಿಭೂತಿ ಹಚ್ಚುತ್ತಿದ್ದಳು.

“ಯವ್ವಾ, ಅದೊಂದು ಕೊಡು, ಎರಡು ನಿಮಿಷದ ಕೆಲಸ ಐತಿ.”

“ಪೂಜಿಗೆ ಇಟ್ಟಿದ್ದು ಎತ್ತತಾರೇನ? ನಾಳಿ ಬನ್ನಿ ಕೊಟ್ಟ ಮ್ಯಾಲ ಬಿಗಿ. ನಿನ್ನ ಹಲಗಿ ಎಲ್ಲೀಗೆ ಓಡಿ ಹೋಗಂಗಿಲ್ಲ.”

ಅಪ್ಪನ ಅಂಗಡಿಯಲ್ಲೂ ಹಾಗೆಯೇ ಇತ್ತು. ಆ ದಿನ ಸೂಜಿ ಕೂಡ ಮುಟ್ಟುತ್ತಿರಲಿಲ್ಲ. ಸರಿ ಎಂದೆ. ಅವ್ವ ಹಲಗೆಯನ್ನೂ ಪೂಜೆಗೆ ಕೂರಿಸಿದಳು. ಚೆಂಡುಹೂವಿನ ಸರ ಹಾಕಿ, ಕುಂಕುಮವನ್ನು ನೀರಲ್ಲಿ ಕಲಸಿ, ಒಂದು ಸ್ಕ್ರೂ ಬಿಡದೆ ಎಂಟರ ತಲೆಗೂ ಹಚ್ಚಿದಳು. ತಂಗಿ ಫೋಟೋ ತೆಗೆದಳು.

ಮರುದಿನ ದಸರಾ. ಮನೆ ತುಂಬ ಜನ, ಬನ್ನಿ ಕೊಟ್ಟು ತೆಗೆದುಕೊಂಡು, “ಬಂಗಾರದಂಗ ಇರೂಣು,” ಎನ್ನುವುದರಲ್ಲಿ ದಿನ ಹೋಯಿತು. ಯಾರೋ ಹಲಗೆಯನ್ನು ಎತ್ತಿ ಗೋಡೆಯ ಮೊಳೆಗೆ ತೂಗುಹಾಕಿದರು. ಬಹುಶಃ ನಾನೇ.

ಡಿಸೆಂಬರಿನಲ್ಲಿ ಗುಡ್ಡ ತೆರೆಯಿತು. ಹೊರಡುವ ಬೆಳಿಗ್ಗೆ ತಂಗಿ ಕಾರಿಗೆ ಸಾಮಾನು ತುಂಬುತ್ತ ಕೂಗಿದಳು: “ಅಕ್ಕಾ, ಸ್ಕ್ರೂ ನೋಡಿದೇನ?”

ನಾನು ಗೋಡೆಯತ್ತ ನೋಡಿದೆ. ಎಂಟು ತಲೆ, ಎಂಟು ಕೆಂಪು.

“ನೋಡೇನಿ. ಎಲ್ಲಾ ಬಿಗಿ ಅದಾವ,” ಎಂದೆ.

ಇದು ಸುಳ್ಳಲ್ಲ. ಆ ಕ್ಷಣಕ್ಕೆ ನಾನು ಅದನ್ನು ನಂಬಿದ್ದೆ. ಸುಳ್ಳು ಆಮೇಲೆ ಬಂತು.

ಮೊದಲ ಎರಡು ಸಲ ಅವಳು ನಿಧಾನವಾಗಿ ಇಳಿದಳು. ನಾನು ಕೆಳಗೆ ಬೇಲಿಯ ಹತ್ತಿರ ಫ್ಲಾಸ್ಕು ಹಿಡಿದು ನಿಂತಿದ್ದೆ. ಎರಡನೆಯ ಸಲದ ಕೊನೆಗೆ ಒಂದು ಗೆರೆ ಬಂತು, ಅರ್ಧ ಗೆರೆ. ಅವಳು ಕಿರುಚುತ್ತ ಬಂದಳು. ಚಹಾ ಕುಡಿಯುವಾಗ ಎಡಗಾಲನ್ನು ಅಲ್ಲಾಡಿಸಿ, “ಮುಂದಿನ ಕಾಲು ಯಾಕೋ ಒಂಚೂರು ಆಡಿದಂಗ ಆಗತೈತಿ,” ಎಂದಳು.

ನಾನು ಬಗ್ಗಿ ನೋಡಬಹುದಿತ್ತು. ಬೂಟು ತೆಗೆದರೆ ಸಾಕಿತ್ತು. “ಹೊಸಾ ಪ್ಲೇಟು. ಕೂಡಾಕ ಒಂದೆರಡು ಸಲ ಬೇಕು,” ಎಂದೆ. ಹೊಸ ಸ್ಪಂಜಿನ ಸೀಟು ಕಿರುಗುಟ್ಟುತ್ತದೆ ಎಂದು ದೂರು ತರುವ ಗಿರಾಕಿಗೆ ಅಪ್ಪ ಹೇಳುತ್ತಿದ್ದ ಮಾತು ಅದು.

“ಕೈ ನಿಂದು, ನೀ ಹೇಳಿದ ಮ್ಯಾಲ ಮುಗೀತು,” ಎಂದು ಅವಳು ಮೇಲೆ ಹೋದಳು.

ಮೂರನೆಯ ಸಲ ಅವಳು ನಾನು ಎಂದೂ ನೋಡದಷ್ಟು ವಾಲಿ ಬಂದಳು. ಕೈಬೆರಳು ಹಿಮಕ್ಕೆ ತಾಗಿತು. ಹಿಂದೆ ಗೆರೆ, ತೆಳ್ಳಗೆ, ತುಂಡಾಗದೆ. ನಾನು ಫ್ಲಾಸ್ಕು ಕೆಳಗಿಟ್ಟು ಚಪ್ಪಾಳೆ ಹೊಡೆಯಲು ಕೈ ಎತ್ತಿದೆ. ಆಗ ಟಪ್ ಎಂದು ಒಂದು ಸದ್ದು. ಹಲಗೆಯ ಮುಂಭಾಗ ತನ್ನಷ್ಟಕ್ಕೆ ಎದ್ದಿತು. ಎಡಗಾಲು ಬೈಂಡಿಂಗಿನ ಸಮೇತ ಗಾಳಿಯಲ್ಲಿತ್ತು, ಬಲಗಾಲು ಹಲಗೆಗೇ ಕಟ್ಟಿಕೊಂಡಿತ್ತು. ಹಲಗೆ ಸುತ್ತಿತು. ಬಲಗಾಲೂ ಅದರ ಜೊತೆ ಸುತ್ತಿತು. ದೇಹ ಸುತ್ತಲಿಲ್ಲ.

ಅವಳ ಕೂಗು ಕೇಳಿ ನಾನು ಓಡಿದೆ. ಹಿಮದಲ್ಲಿ ಎರಡು ಸಲ ಮುಗ್ಗರಿಸಿದೆ. ಹತ್ತಿರ ಹೋದಾಗ ಅವಳ ಎಡಗಾಲಿನ ಪಕ್ಕ ಹಿಮ ಕೆಂಪಗಿತ್ತು. “ರಕ್ತ, ರಕ್ತ,” ಎಂದು ಯಾವ ಭಾಷೆಯಲ್ಲಿ ಕೂಗಿದೆನೋ ಗೊತ್ತಿಲ್ಲ. ಗುಡ್ಡ ಕಾಯುವ ಹುಡುಗಿ ಒಬ್ಬಳು ಜಾರುತ್ತ ಬಂದು ತಂಗಿಯ ಬಲಗಾಲನ್ನು ಹಿಡಿದು, ಎಡಗಾಲನ್ನು ತಡವಿ ನೋಡಿ, ಇಂಗ್ಲಿಷಿನಲ್ಲಿ “ರಕ್ತ ಎಲ್ಲಿಯೂ ಇಲ್ಲ” ಎಂದಳು.

ಹಾಗಾದರೆ ಆ ಕೆಂಪು? ನಾನು ಮಂಡಿಯೂರಿ ನೋಡಿದೆ. ಬೈಂಡಿಂಗಿನ ನಡುವಿನ ದುಂಡು ಬಿಲ್ಲೆ ಹಿಮದಲ್ಲಿ ಬಿದ್ದಿತ್ತು. ಅದರೊಳಗೆ ಇನ್ನೂ ಸಿಕ್ಕಿಕೊಂಡಿದ್ದ ಎರಡು ಸ್ಕ್ರೂ, ಪಕ್ಕದಲ್ಲಿ ಬಿಡಿಯಾಗಿ ಇನ್ನೆರಡು. ಸ್ಕ್ರೂಡ್ರೈವರಿನ ತುದಿ ಕೂರಬೇಕಾದ ಕುಳಿಯಲ್ಲಿ ಅವ್ವನ ಕುಂಕುಮ ಗಟ್ಟಿಯಾಗಿ ತುಂಬಿಕೊಂಡಿತ್ತು, ಹಿಮ ತಾಗಿದಲ್ಲಿ ಕರಗಿ ಹರಿದಿತ್ತು.

ಪೂಜೆಯ ನಂತರ ಒಂದೇ ಒಂದು ಸಲ ಸ್ಕ್ರೂಡ್ರೈವರ್ ಅದರೊಳಗೆ ಇಳಿದಿದ್ದರೂ ಆ ಕುಂಕುಮ ಹಾಗೆ ಇರುವುದು ಸಾಧ್ಯವಿರಲಿಲ್ಲ. ಇದನ್ನು ತಿಳಿಯಲು ಓದು ಬೇಡ. ತಂಗಿ ಕತ್ತು ತಿರುಗಿಸಿದರೆ ಅವಳಿಗೂ ತಿಳಿಯುತ್ತಿತ್ತು.

ಆಗ ನನ್ನ ಕೈ ಮಾಡಿದ ಕೆಲಸ ನೋಡಿ ನಾನೇ ಬೆಚ್ಚಿದೆ. ತಂಗಿ ಹಲ್ಲು ಕಚ್ಚಿ ನರಳುತ್ತಿದ್ದಾಳೆ, ನಾನು ನನ್ನ ಬಿಳಿ ಉಣ್ಣೆಯ ಕೈಗವಸಿನಿಂದ ಸ್ಕ್ರೂಗಳ ತಲೆ ಒರೆಸುತ್ತಿದ್ದೇನೆ. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಬೂಟಿನಿಂದ ಕೆಂಪು ಹಿಮದ ಮೇಲೆ ಬಿಳಿ ಹಿಮ ಎಳೆದೆ. ಆಮೇಲೆ ಅವಳ ತಲೆಯ ಹತ್ತಿರ ಹೋಗಿ ಕೂತೆ. ಮೊದಲು ತಲೆಯ ಹತ್ತಿರ ಹೋಗಲಿಲ್ಲ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ.

ಬಲ ಮೊಣಕಾಲಿನ ಲಿಗಮೆಂಟು ಹರಿದಿತ್ತು. ಆಸ್ಪತ್ರೆಯಲ್ಲಿ, ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿಹೋದ ಮೇಲೆ, ತಂಗಿ ಮೆಲ್ಲಗೆ ಕೇಳಿದಳು.

“ಅಕ್ಕಾ, ಸ್ಕ್ರೂ ಹ್ಯಾಂಗಿದ್ವು? ಸಡ್ಲ ಆಗಿದ್ವೇನು?”

“ಇಲ್ಲವಾ. ಬಿಗಿ ಇದ್ವು. ನೀ ಬಿದ್ದ ಹೊಡತಕ್ಕ ಕಿತ್ತು ಬಂದಾವು.”

“ಹಂಗಾದ್ರ ತಪ್ಪು ನಂದ. ಸ್ಕ್ರೂ ಬಿಗಿ ಇದ್ರ ಆಡಿದ್ದು ನನ್ನ ಕಾಲ, ಅದು ನನಗ ತಿಳಿದಿತ್ತು. ಆದ್ರೂ ಅಷ್ಟು ವಾಲಿದೆ.”

ನಾನು ಅವಳ ಹೊದಿಕೆ ಸರಿಮಾಡಿದೆ.

ಯಾಕೆ ಸುಳ್ಳು ಹೇಳಿದೆ? ಅವಳು ಬೈಯುತ್ತಾಳೆ ಎಂದಲ್ಲ. ಅವಳು ಬೈಯುವುದಿಲ್ಲ ಎಂದೇ ನನಗೆ ಗೊತ್ತಿತ್ತು. ಅವಳಿಗೆ ಓದು, ನನಗೆ ಕೈ. ಆ ಕೈಯೂ ನಂಬುವಂಥದ್ದಲ್ಲ ಎಂದಾದರೆ ಆ ಮನೆಯಲ್ಲಿ ನಾನು ಏನು ಎಂಬುದು ನನಗೆ ತಿಳಿಯಲಿಲ್ಲ. ಇಷ್ಟೇ ಕಾರಣ. ಇಷ್ಟು ಸಣ್ಣ ಕಾರಣ.

ಸ್ಕ್ರೂಗಳನ್ನು, ಕೈಗವಸನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಹೊಲಿಗೆ ಮಷೀನಿನ ಹಿಂದೆ ಇಟ್ಟೆ. ಕೈಗವಸು ಎರಡು ಸಲ ತೊಳೆದರೂ ಗುಲಾಬಿ ಬಣ್ಣ ಬಿಟ್ಟಿರಲಿಲ್ಲ. ಎಸೆಯಬಹುದಿತ್ತು. ಎಸೆಯಲೂ ಆಗಲಿಲ್ಲ.

ಮೊಣಕಾಲು ತಿಂಗಳುಗಟ್ಟಲೆ ತೆಗೆದುಕೊಂಡಿತು, ಆದರೆ ಕೂಡಿತು. ಕೂಡದೆ ಉಳಿದದ್ದು ಬೇರೆ. ಬೇಸಿಗೆಯಲ್ಲಿ ಮೆಟ್ಟಿಲಿಳಿಯುವಾಗ ಅವಳು ಒಂದೊಂದು ಮೆಟ್ಟಿಲಿಗೂ ನಿಂತು ಕಾಲನ್ನು ನೋಡುತ್ತಿದ್ದಳು. ಕಾರು ಓಡಿಸಲು ಶುರು ಮಾಡಿದಾಗ ಪಕ್ಕದಲ್ಲಿ ನಾನೇ ಕೂತಿದ್ದೆ. ಸಿಗ್ನಲ್ ಇನ್ನೂ ಎಷ್ಟೋ ದೂರ ಇರುವಾಗಲೇ ಬ್ರೇಕು ಒತ್ತಿದಳು. ಹಿಂದಿನವರು ಹಾರ್ನ್ ಹೊಡೆದರು.

“ನನ್ನ ಕಾಲು ಹೇಳೂದು ಖರೇನೋ ಸುಳ್ಳೋ ನನಗ ತಿಳಿಯವಲ್ದು,” ಎಂದಳು.

ಅವತ್ತು ಗುಡ್ಡದ ಮೇಲೆ ಕಾಲು ಖರೇನೇ ಹೇಳಿತ್ತು. ಸುಳ್ಳು ಹೇಳಿದವಳು ಅವಳ ಪಕ್ಕದಲ್ಲಿ ಸೀಟ್ ಬೆಲ್ಟು ಹಾಕಿಕೊಂಡು ಕೂತಿದ್ದಳು.

ಮತ್ತೆ ಖಂಡೇ ಪೂಜೆ ಬಂತು. ಅವ್ವ ಅದೇ ಕೆಂಪು ಬಟ್ಟೆ ಹಾಸಿದಳು. ನನ್ನ ಕತ್ತರಿ, ದಬ್ಬಣ, ಪಾನಾ, ಸ್ಕ್ರೂಡ್ರೈವರ್ ಕೂತವು. ತಂಗಿ ಸಂಜೆ ಬಂದು ಕಾರಿನ ಕೀಲಿ ಇಟ್ಟಳು.

“ಬಸ್ಸಿನ ಕೀಲಿ?” ಎಂದಳು ಅವ್ವ. “ಡಾಕ್ಟರು ಓಡಸಬಹುದು ಅಂದಾರಲ್ಲ.”

“ಕೀಲಿ ಇಲ್ಲವ್ವಾ. ಸೋಮವಾರ ಹೋಗಿ ಬಸ್ ಬ್ಯಾಡ ಅಂತ ಬರದು ಕೊಡ್ತೇನಿ. ಆಫೀಸಿನ್ಯಾಗ ಕುಂತು ಡ್ರೈವರಗೋಳಿಗೆ ರೇಡಿಯೋದಾಗ ದಾರಿ ಹೇಳೂ ಕೆಲಸ ಐತಂತ. ಐವತ್ತು ಹುಡುಗ್ರನ್ನ ಹಿಂದ ಕೂಡಿಸಿಕೊಂಡು, ನನ್ನ ಕಾಲು ನನಗ ನಂಬಿಗಿ ಇಲ್ಲಂದ್ರ ಹ್ಯಾಂಗ ಓಡಸ್ಲಿ?”

ಅವ್ವ ಕುಂಕುಮದ ಬಟ್ಟಲು ಹಿಡಿದು ಹಾಗೇ ನಿಂತಳು. ನಾನು ಒಳಗೆ ಹೋದೆ. ಮಷೀನಿನ ಹಿಂದಿನ ಡಬ್ಬಿ ತಂದು ತಂಗಿಯ ಮುಂದೆ ಮುಚ್ಚಳ ತೆಗೆದೆ. ಮಾತು ಹೇಗೆ ಶುರು ಮಾಡಬೇಕೆಂದು ಹತ್ತು ತಿಂಗಳು ಯೋಚಿಸಿದ್ದೆ, ಅದರಲ್ಲಿ ಒಂದೂ ನೆನಪಾಗಲಿಲ್ಲ.

“ಸ್ಕ್ರೂ ಬಿಗಿ ಇದ್ದಿದ್ದಿಲ್ಲ,” ಎಂದೆ. “ಹೋದ ವರ್ಷ ಇದ ದಿನ ಬೆರಳಿಲೆ ಹಾಕಿದ್ದೆ, ಹಂಗ ಉಳದಾವು. ಅವ್ವನ ಕುಂಕುಮ ನೋಡಿ ನಮ್ಮ ಲೈನಿನ ನಿಶಾನ್ ಅಂದಕೊಂಡೆ. ನೀ ಕೇಳಿದಿ, ನೋಡೇನಿ ಅಂದೆ. ನೀ ಬಿದ್ದಾಗ ಕುಂಕುಮ ಇನ್ನೂ ಕುಳಿಯೊಳಗ ಇತ್ತು. ಒರಿಸಿಬಿಟ್ಟೆ.”

ತಂಗಿ ಕೈಗವಸು ಎತ್ತಿಕೊಂಡಳು. ಗುಲಾಬಿ ಕಲೆಯ ಮೇಲೆ ಹೆಬ್ಬೆರಳು ಇಟ್ಟಳು. “ನಾ ಒದರಾಕತ್ತಿದ್ದೆ,” ಎಂದಳು. “ನೀ ಆವಾಗ ಇದನ್ನ ಮಾಡಾಕತ್ತಿದ್ದಿ?”

“ಹೂಂ.”

ಅವ್ವನ ಕೈಯಿಂದ ಬಟ್ಟಲು ಜಾರಿತು. “ನಾ ಹಚ್ಚಿದ ಕುಂಕುಮದಿಂದ ಆತೇನ?” ಎಂದಳು.

“ನಿಂದೇನೂ ಇಲ್ಲವ್ವಾ. ನೀ ಸುಮ್ನಿರ,” ಎಂದಳು ತಂಗಿ, ನನ್ನಿಂದ ಕಣ್ಣು ತೆಗೆಯದೆ. ಆಮೇಲೆ ಸ್ಕ್ರೂಗಳನ್ನು ಅಂಗೈಗೆ ಸುರಿದುಕೊಂಡು ದೀಪದ ಹತ್ತಿರ ಹಿಡಿದಳು. ನಾನು ಇಷ್ಟು ತಿಂಗಳು ಡಬ್ಬಿಯನ್ನು ಮುಚ್ಚಿಟ್ಟಿದ್ದೆನೇ ಹೊರತು ಅವುಗಳನ್ನು ಸರಿಯಾಗಿ ನೋಡಿರಲಿಲ್ಲ. ಅವಳು ತೋರಿಸಿದಾಗ ಕಂಡಿತು. ನಾಲ್ಕರಲ್ಲೂ ತುದಿಯ ಎರಡು ಸುತ್ತು ಮಾತ್ರ ಸವೆದು ನುಣ್ಣಗಾಗಿದ್ದವು. ಉಳಿದ ಉದ್ದವೆಲ್ಲ ಪೊಟ್ಟಣದಿಂದ ಈಗ ತೆಗೆದಂತೆ ಹೊಳೆಯುತ್ತಿತ್ತು.

“ಎರಡು ಸುತ್ತು,” ಎಂದಳು. “ಎರಡು ಸುತ್ತಿನ ಮ್ಯಾಲ ನಾ ಆ ಗೆರಿ ತಗದಿದ್ದೆ.”

ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ. ಬಗ್ಗಿ, ಪೂಜೆಗೆ ಇಟ್ಟಿದ್ದ ಸ್ಕ್ರೂಡ್ರೈವರನ್ನು ಹೂವಿನ ಸಮೇತ ಎತ್ತಿಕೊಂಡಳು.

“ಏ, ಮುಟ್ಟಬ್ಯಾಡ! ಪೂಜಿ ಆಗೇತಿ!” ಎಂದು ಅವ್ವ ಕೂಗಿದಳು.

ತಂಗಿ ಕೇಳಲಿಲ್ಲ. ಗೋಡೆಯಿಂದ ಹಲಗೆ ಇಳಿಸಿ, ಹಿಂದಿನ ಕಾಲಿನ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟು ಬಲವಾಗಿ ತಿರುವಿದಳು. ಅದು ಕದಲಲಿಲ್ಲ. ನಾಲ್ಕೂ ಕದಲಲಿಲ್ಲ. ನಾನು ಬಿಗಿದದ್ದು ಹಾಗೇ ಇತ್ತು. “ಇವನ್ನ ಬಿಗಿದದ್ದೂ ಅದ ಕೈ,” ಎಂದಳು ಮೆಲ್ಲಗೆ. ಬೈಗುಳ ತಿಂದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

“ಬಿಗೀಲಿಲ್ಲ ಅನ್ನೂದನ್ನ ನಾ ಒಂದು ದಿನದಾಗ ಮರೀತಿದ್ದೆ ಅಕ್ಕಾ. ಮಂದಿ ಮರೀತಾರ. ಒಂದು ವರ್ಷ ನಾ ನನ್ನ ಕಾಲಿಗೆ ಬೈದೇನಿ. ಅದನ್ನ ನೀ ಕುಂತು ನೋಡಿದಿ.”

ಸ್ಕ್ರೂಡ್ರೈವರ್, ಸ್ಕ್ರೂ, ಹಲಗೆ ಎಲ್ಲವನ್ನೂ ಕಾರಿಗೆ ಹಾಕಿಕೊಂಡು ಹೋದಳು. ಮರುದಿನ ಬಂದು ಅವ್ವನ ಕಾಲಿಗೆರಗಿ ಬನ್ನಿ ಕೊಟ್ಟಳು. ನನಗೆ ಕೊಡಲಿಲ್ಲ. ನಾನು ಕೈ ಚಾಚಿದವಳು ಹಾಗೇ ಸೆರಗು ಸರಿಮಾಡಿಕೊಂಡೆ.

ಸೋಮವಾರ ಅವಳು ಏನು ಬರೆದುಕೊಟ್ಟಳು ಎಂದು ಕೇಳುವ ಧೈರ್ಯ ಇರಲಿಲ್ಲ. ಎರಡು ವಾರದ ನಂತರ ಕೆಲಸಕ್ಕೆ ಹೋಗುವಾಗ ನಮ್ಮ ಬೀದಿಯ ತಿರುವಿನಲ್ಲಿ ಹಳದಿ ಬಸ್ಸೊಂದು ಬಂತು. ಸ್ಟಾಪ್ ಬೋರ್ಡಿನ ಹತ್ತಿರ, ಎಲ್ಲಿ ನಿಲ್ಲಬೇಕೋ ಅಲ್ಲಿ, ಮೆತ್ತಗೆ ನಿಂತಿತು. ಡ್ರೈವರ್ ಸೀಟಿನಲ್ಲಿ ತಂಗಿ. ನನ್ನನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ. ನಾನು ಕಾರಿನಲ್ಲಿ ಕೂತು ಸ್ಟೀರಿಂಗಿಗೆ ಹಣೆ ಹಚ್ಚಿದೆ.

ಜನವರಿಯಲ್ಲಿ ಅವಳು ಬೂಟಿನ ಚೀಲ ಹಿಡಿದು ಬಂದಳು. ಬಾಗಿಲಲ್ಲೇ ನಿಂತು, “ಪಟ್ಟಿ ಹೊಲಿಗಿ ಬಿಟ್ಟೈತಿ. ಹಾಕಿ ಕೊಡು,” ಎಂದಳು. ಹಾಕಿದೆ. ಎರಡು ಸಲ ಹಾಕಿದೆ. ಅವಳು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದಳು. ಹಿಂದೆಂದೂ ಹಾಗೆ ಜಗ್ಗಿ ನೋಡಿದವಳಲ್ಲ. “ರವಿವಾರ ಗುಡ್ಡಕ್ಕ ಹೊಂಟೇನಿ. ಬರೂಮುಂದ ಕಾಲು ದಣಿತೈತಿ. ಕಾರು ಓಡಸಾಕ ಬಾ,” ಎಂದಳು.

ಗುಡ್ಡದ ಪಾರ್ಕಿಂಗಿನಲ್ಲಿ ಡಿಕ್ಕಿ ತೆಗೆದು, ಹಲಗೆಯನ್ನು ಅಡ್ಡ ಇಟ್ಟು, ಎಂಟು ಸ್ಕ್ರೂಗಳನ್ನೂ ತಾನೇ ಒಂದೊಂದಾಗಿ ಬಿಗಿದಳು. ಮುಂದಿನ ಕಾಲಿಗೆ ಹೊಸ ಸ್ಕ್ರೂ. ಒಂದರ ಮೇಲೂ ಯಾವ ಬಣ್ಣವೂ ಇರಲಿಲ್ಲ. ಆಮೇಲೆ ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದಳು.

“ತಗೋ. ನೋಡು.”

ನಾನು ಬಗ್ಗಿ ನೋಡಿದೆ. “ಬಿಗಿ ಅದಾವು.”

“ಕಣ್ಣಿಲೆ ಬ್ಯಾಡ. ಕೈಲೆ ನೋಡು.”

ಚಳಿಗೆ ಬೆರಳು ಮರಗಟ್ಟಿದ್ದವು. ಒಂದೊಂದು ಸ್ಕ್ರೂಗೂ ತುದಿ ಇಟ್ಟು, ಮೈಭಾರ ಹಾಕಿ ತಿರುವಿದೆ. ಅವಳು ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಎಂಟೂ ಅಲುಗಲಿಲ್ಲ. ಎಂಟನೆಯದು ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದೆ. ಅವಳು ಬೇಡ ಎನ್ನಲಿಲ್ಲ.

ಬೇಲಿಯ ಹತ್ತಿರ ಅದೇ ಜಾಗದಲ್ಲಿ ನಿಂತೆ. ಸ್ಕ್ರೂಡ್ರೈವರ್ ಕೈಯಲ್ಲೇ ಉಳಿದಿತ್ತು. ಅವಳು ಮೇಲಿನಿಂದ ನಿಧಾನವಾಗಿ, ಎಲ್ಲರಂತೆ ಹಿಮ ಕೆರೆಯುತ್ತ ಇಳಿದು ಬಂದಳು. ಗೆರೆ ಬರಲಿಲ್ಲ. ನನ್ನ ಮುಂದೆ ನಿಂತು, ಎಡಗಾಲನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಮತ್ತೆ ಮೇಲಕ್ಕೆ ಹೋದಳು.